ಬಾರದವರನ್ನು ಕೇಳಿದ ಆಸ್ಪತ್ರೆ

ಪೊರೆ ತೆಗೆಯಲು ಒಂದು ಪೈಸೆಯೂ ಬೇಡ, ಬನ್ನಿ ಎಂದು ಮೈಕಿನಲ್ಲಿ ಸಾರಿದರೂ ಹಳ್ಳಿಯ ಎಷ್ಟೋ ಮುದುಕರು ಬರುತ್ತಿರಲಿಲ್ಲ. ಮದುರೆಯ ಅರವಿಂದ ಕಣ್ಣಾಸ್ಪತ್ರೆ ಎಂದೊಡನೆ ಜನ ಅಲ್ಲಿನ ವೇಗವನ್ನು ಹೊಗಳುತ್ತಾರೆ. ಒಬ್ಬರ ಕಣ್ಣು ಮುಗಿಯುವ ಹೊತ್ತಿಗೆ ಪಕ್ಕದ ಮೇಜಿನ ಮೇಲೆ ಇನ್ನೊಬ್ಬರು ಸಿದ್ಧ, ಡಾಕ್ಟರು ಅತ್ತ ತಿರುಗಿದರೆ ಸಾಕು. ನಾನು ಹೆಚ್ಚು ಮೆಚ್ಚುವುದು ಬೇರೊಂದನ್ನು: ಬಾರದೆ ಉಳಿದವರನ್ನು ಹುಡುಕಿ ‘ಯಾಕೆ ಬರಲಿಲ್ಲ?’ ಎಂದು ಕೇಳಿದ್ದನ್ನು.

ಡಾ. ಜಿ. ವೆಂಕಟಸ್ವಾಮಿ ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ, 1976ರಲ್ಲಿ, 11 ಹಾಸಿಗೆಗಳೊಂದಿಗೆ ಇದನ್ನು ಆರಂಭಿಸಿದರು. ಸಂಧಿವಾತದಿಂದ ಸೊಟ್ಟಗಾದ ಬೆರಳುಗಳಲ್ಲೇ ಅವರು ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಒಡಹುಟ್ಟಿದವರು ಜೊತೆಗೂಡಿದರು, ಆಡಳಿತಕ್ಕೆ ಗೋವೆಲ್ ಟ್ರಸ್ಟ್ ಆಯಿತು. ಹಣ ಕೊಡಬಲ್ಲವರ ಶುಲ್ಕದಲ್ಲೇ ಕೊಡಲಾಗದವರ ಚಿಕಿತ್ಸೆಯೂ ನಡೆಯುತ್ತದೆ. ಪೊರೆ ತೆಗೆಸಿಕೊಂಡ ಬಡವರಿಗೆ ಆಗ ಸೋಡಾಬುಡ್ಡಿ ಕನ್ನಡಕವೇ ಗತಿ. ಕಣ್ಣೊಳಗೆ ಕೂರಿಸುವ ವಿದೇಶಿ ಲೆನ್ಸಿನ ಬೆಲೆ ಕೈಗೆ ಎಟುಕುತ್ತಿರಲಿಲ್ಲ. 1992ರಲ್ಲಿ ಆರೋಲ್ಯಾಬ್ ಕಟ್ಟಿ ಲೆನ್ಸನ್ನು ತಾವೇ ತಯಾರಿಸತೊಡಗಿದರು.

ನಮ್ಮ ಹಿರಿಯರಿಗೆ ಕಣ್ಣಿನ ಶಿಬಿರ ಎಂದರೆ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ. ಅವರು ಊರಿಗೇ ಹೋಗಿ ಒಂದೇ ದಿನ ನೂರಾರು ಜನರ ಪೊರೆ ತೆಗೆಯುತ್ತಿದ್ದರು. ಅರವಿಂದದವರು ಶಿಬಿರದಲ್ಲಿ ತಪಾಸಣೆ ಮಾಡಿ, ಪೊರೆ ಬಲಿತವರನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಕರೆತರುತ್ತಾರೆ. ಸುದ್ದಿ ಮುಟ್ಟಿಸುವ ಹೊಣೆ ಊರಿನ ಸಂಘ-ಸಂಸ್ಥೆಗಳದು. ಈ ಬಸ್ಸು, ಜೊತೆಗೆ ಕೊಡುವ ಊಟ ಸುಮ್ಮನೆ ಔದಾರ್ಯಕ್ಕೆ ಸೇರಿಸಿದ್ದಲ್ಲ. 1991ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹಳ್ಳಿಗಳನ್ನು ಗುಂಪು ಮಾಡಿ, ಬೇರೆ ಬೇರೆ ರೀತಿಯಲ್ಲಿ ಜನರನ್ನು ಕರೆದು ನೋಡಿದ್ದರು. ಪೊರೆ ತೆಗೆಸಿಕೊಂಡವರೇ ಮನೆಮನೆಗೆ ಹೋಗಿ ಹೇಳಿದ ಕಡೆ, ಪ್ರಯಾಣ, ಊಟದ ಖರ್ಚನ್ನೂ ವಹಿಸಿದ ಕಡೆ ಹೆಚ್ಚು ಜನ ಒಪ್ಪಿದರು. ದಿನಗೂಲಿಯವರ ಮನೆಯಲ್ಲಿ ಉಚಿತ ಆಪರೇಷನ್ನಿಗೂ ಖರ್ಚಿದೆ: ಬಸ್ ಚಾರ್ಜು, ಜೊತೆಗೆ ಬರುವ ಮಗನ ಕೂಲಿ.

ಅಷ್ಟಾದರೂ 1999ರ ಇನ್ನೊಂದು ಅಧ್ಯಯನ ಕಹಿ ಸತ್ಯವನ್ನೇ ಹೇಳಿತು. ಶಿಬಿರ ನಡೆದ ಹಳ್ಳಿಗಳಲ್ಲಿ ಕಣ್ಣಿನ ತೊಂದರೆ ಇದ್ದವರ ಪೈಕಿ ಬಂದವರು ಶೇ 7ರಷ್ಟು ಮಾತ್ರ. ಭಯ, ಖರ್ಚು, ಮನೆವಾರ್ತೆ, ‘ವಯಸ್ಸಾಯಿತು, ಇಷ್ಟು ಕಂಡರೆ ಸಾಕು’ ಎಂಬ ಮಾತು ಉಳಿದವರನ್ನು ಮನೆಯಲ್ಲೇ ಕೂರಿಸಿದ್ದವು. ತನ್ನ ಕೆಲಸಕ್ಕೆ ಹೊಗಳಿಕೆ ಬರುತ್ತಿದ್ದ ಕಾಲದಲ್ಲೇ ಇಂಥ ಅಂಕಿಯನ್ನು ಎದುರಿಸಲು ಸಂಸ್ಥೆಗೆ ಎದೆಗಾರಿಕೆ ಬೇಕು. ಅದು 2004ರಿಂದ ಸಣ್ಣ ಊರುಗಳಲ್ಲಿ ಕಾಯಂ ದೃಷ್ಟಿ ಕೇಂದ್ರಗಳನ್ನು ತೆರೆಯುತ್ತ ಹೋಯಿತು. ಅಲ್ಲಿ ತರಬೇತಿ ಪಡೆದ ಸಿಬ್ಬಂದಿ ಕಣ್ಣು ನೋಡುತ್ತಾರೆ. ದೂರದ ಆಸ್ಪತ್ರೆಯಲ್ಲಿರುವ ಡಾಕ್ಟರು ಪರದೆಯ ಮೇಲೆಯೇ ರೋಗಿಯೊಡನೆ ಮಾತಾಡುತ್ತಾರೆ.

ಇಲ್ಲಿನ ಸಂಶೋಧನೆ ಹಳ್ಳಿಯ ಬದುಕನ್ನು ಬಿಟ್ಟು ದೂರ ಹೋಗಿಲ್ಲ. ಭತ್ತದ ಗರಿ, ಕಡ್ಡಿ ತಾಗಿ ಗಾಯವಾದ ಕಣ್ಣಿಗೆ ಶಿಲೀಂಧ್ರ ಸೇರಿದರೆ ರೈತ ದೃಷ್ಟಿ ಕಳೆದುಕೊಳ್ಳಬಹುದು. ಅದಕ್ಕೆ ಹೊಸ ಔಷಧಿ ವೊರಿಕೊನಜೋಲ್‌ಗಿಂತ ಹಳೆಯ ನೇಟಮೈಸಿನ್ ಹನಿಗಳೇ ಮೇಲು ಎಂದು 2013ರಲ್ಲಿ ತೋರಿಸಿದ ಪ್ರಯೋಗದಲ್ಲಿ ಅರವಿಂದದ ಪಾತ್ರ ದೊಡ್ಡದು. ಅದಕ್ಕೂ ಮೊದಲು, 1990ರಲ್ಲಿ, ತಿರುಚ್ಚಿ ಸೀಮೆಯ ಸುಮಾರು 15,000 ಮಕ್ಕಳ ಅಧ್ಯಯನ ಪ್ರಕಟವಾಗಿತ್ತು. ವಾರಕ್ಕೊಮ್ಮೆ ಸ್ವಲ್ಪ ವಿಟಮಿನ್ ಎ ಪಡೆದ ಮಕ್ಕಳಲ್ಲಿ ಸಾವು ಅರ್ಧಕ್ಕೂ ಹೆಚ್ಚು ಕಡಿಮೆಯಾಗಿತ್ತು. ಈ ವಿಟಮಿನ್ನಿನ ಕೊರತೆಯಿಂದ ಬರುವ ಇರುಳುಗುರುಡಿನ ಬೆನ್ನು ಹತ್ತಿದವರಿಗೆ ಮಕ್ಕಳ ಪ್ರಾಣ ಉಳಿಸುವ ದಾರಿ ಸಿಕ್ಕಿತ್ತು.

ಈಗ ಸಕ್ಕರೆ ಕಾಯಿಲೆಯವರನ್ನು ಕರೆತರುವುದು ಇನ್ನೂ ಕಷ್ಟ. ಪೊರೆ ಬಂದವರಿಗೆ ಮಬ್ಬಾದರೂ ಗೊತ್ತಾಗುತ್ತದೆ. ಇವರ ಅಕ್ಷಿಪಟಲ ಹಾಳಾಗುತ್ತಿದ್ದರೂ ಬಹಳ ಕಾಲ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿರುತ್ತದೆ. ಅದಕ್ಕೇ ಕಣ್ಣು ಚೆನ್ನಾಗಿರುವಾಗಲೇ, ವರ್ಷಕ್ಕೊಮ್ಮೆ, ತೋರಿಸಿಕೊಳ್ಳಿ ಎನ್ನುವುದು.