ವಾರದ ಬುತ್ತಿ, ಎಣಿಸಿದ ರೊಟ್ಟಿ

ಸುಗ್ಗಿ ಮುಗಿದ ಮೇಲೆ ಒಂದು ಸಂಜೆ ದೇವದುರ್ಗದ ಬಸ್ ನಿಲ್ದಾಣದಲ್ಲಿ ನಿಂತು ನೋಡಬೇಕು. ಗುಳೆ ಹೊರಟ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ಬಸ್ಸಿಗಾಗಿ ಕಾಯುತ್ತಿರುತ್ತವೆ. ಹಾಸಿಗೆಯ ಸುರುಳಿ, ನೀರಿನ ಕೊಡ, ಪಾತ್ರೆಯ ಚೀಲ. ಇವೆಲ್ಲದರ ನಡುವೆ, ಯಾರೂ ತುಳಿಯದ ಹಾಗೆ ಜೋಪಾನವಾಗಿ ಇಟ್ಟ ಬಿಳಿ ಬಟ್ಟೆಯ ಗಂಟೊಂದು ಇರುತ್ತದೆ. ಅದರಲ್ಲಿರುವುದು ಖಡಕ್ ಜೋಳದ ರೊಟ್ಟಿ. ಪಕ್ಕದ ಡಬ್ಬಿಯಲ್ಲಿ ಸೇಂಗಾ ಹಿಂಡಿ, ಅಗಸಿ ಹಿಂಡಿ. ಹೊಸ ಊರಿನಲ್ಲಿ ಒಲೆ ಹೂಡಿ ಕೂಲಿ ಸಿಗುವವರೆಗೆ ಅದೇ ಊಟ. ಇಷ್ಟು ಜನ, ಇಷ್ಟು ದಿನ, ಇಷ್ಟು ರೊಟ್ಟಿ ಎಂದು ಮನೆಯ ತಾಯಿ ಹೊರಡುವ ಮುಂಚೆಯೇ ಲೆಕ್ಕ ಹಾಕಿರುತ್ತಾಳೆ.

ಅದೇ ಸಂಜೆ ರಾಯಚೂರು ನಗರದಲ್ಲಿ ಇನ್ನೊಂದು ದೃಶ್ಯ. ಹೊಟ್ಟೆ ಕರಗಲೆಂದು ಅರ್ಧ ಗಂಟೆ ಬಿರುಸಾಗಿ ನಡೆದವರು ಮನೆಗೆ ಮರಳುವ ದಾರಿಯಲ್ಲಿ ಬಂಡಿಯ ಮುಂದೆ ನಿಲ್ಲುತ್ತಾರೆ. ಬಾಣಲೆಯಿಂದ ಆಗಷ್ಟೇ ತೆಗೆದ ಮಿರ್ಚಿ, ಜೊತೆಗೆ ಮಂಡಾಳು ಒಗ್ಗರಣೆ. ನಡೆದು ಕಳೆದದ್ದು ಐದು ನಿಮಿಷದಲ್ಲಿ ಬಡ್ಡಿ ಸಮೇತ ಮರಳುತ್ತದೆ. ಇವರಿಗೆ ಮನಸ್ಸಿಲ್ಲವೆಂದಲ್ಲ. ಹಸಿವಾದಾಗ ಕೈಗೆ ಸಿಗುವಂತೆ ಸಿದ್ಧವಾಗಿರುವ ಊಟ ಮನೆಯಲ್ಲಿಲ್ಲ, ಅಷ್ಟೇ.

ಪೇಟೆಯ ಪತ್ರಿಕೆಗಳಲ್ಲಿ ಈಗ ‘ವಾರದ ಊಟದ ತಯಾರಿ’ ಎಂಬ ಮಾತು ಹೆಚ್ಚಾಗಿ ಕೇಳಿಬರುತ್ತದೆ. ರಜೆಯ ದಿನ ಎರಡು ಗಂಟೆ ಕೆಲಸ ಮಾಡಿ ಆರು ದಿನದ ಊಟಕ್ಕೆ ಅಣಿ ಮಾಡಿಕೊಂಡರೆ ತೂಕ ಇಳಿಸುವುದು ಸುಲಭ ಎಂಬುದು ಅದರ ಸಾರ. ಇದಕ್ಕೆ ಹೊರಗಿನ ಗುರು ಬೇಕಾಗಿಲ್ಲ. ದೇವದುರ್ಗದ ಆ ಬಿಳಿ ಗಂಟೇ ಸಾಕು.

ತಟ್ಟೆ ಬದಲಾಯಿತು, ದುಡಿಮೆಯೂ ಬದಲಾಯಿತು

ಕೃಷ್ಣಾ–ತುಂಗಭದ್ರೆಯರ ನಡುವಿನ ಈ ದೋಆಬ್ ಸೀಮೆ ಮೊದಲಿನಿಂದಲೂ ಜೋಳದ ನಾಡು. ಎರೆಮಣ್ಣಿನಲ್ಲಿ ಹಿಂಗಾರಿಗೆ ಬಿತ್ತಿದ ಬಿಳಿಜೋಳ ಮಣ್ಣಿನ ಹಸಿಯನ್ನೇ ಹೀರಿ ಬೆಳೆಯುತ್ತಿತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯತೊಡಗಿ, ಮುಂದೆ ಎಡದಂಡೆ ಕಾಲುವೆ ಮಾನ್ವಿಯ ಹೊಲಗಳನ್ನು ಮುಟ್ಟಿದಾಗ ಚಿತ್ರ ಬದಲಾಯಿತು. ಕಡಿಮೆ ನೀರಿನ ಬೆಳೆಗಳಿಗೆಂದು ಯೋಜಿಸಿದ್ದ ಕಡೆಯೂ ಭತ್ತ ಬಂತು. ಆಮೇಲೆ ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಕಡೆಗೂ ನೀರು ತಂದಿತು. 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆ ಬಡವರ ಮನೆಗೂ ಅಕ್ಕಿ ಮುಟ್ಟಿಸಿತು. ಹಸಿವು ತಗ್ಗಿತು. ಇದು ದೊಡ್ಡ ಲಾಭ, ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಆದರೆ ತಟ್ಟೆ ಬದಲಾದ ಕಾಲದಲ್ಲೇ ಮೈದುಡಿಮೆಯೂ ಇಳಿಯಿತು. ನೇಗಿಲ ಜಾಗಕ್ಕೆ ಟ್ರ್ಯಾಕ್ಟರ್, ಕುಡುಗೋಲಿನ ಜಾಗಕ್ಕೆ ಕಟಾವು ಯಂತ್ರ, ಕಾಲ್ನಡಿಗೆಯ ಜಾಗಕ್ಕೆ ಮೋಟಾರು ಸೈಕಲ್ ಬಂದವು. ಕಚೇರಿ, ಅಂಗಡಿ, ಶಾಲೆಗಳಲ್ಲಿ ಕುಳಿತು ದುಡಿಯುವವರು ಹೆಚ್ಚಿದರು. ಉಣ್ಣುವ ರೂಢಿ ಮಾತ್ರ ಹೊಲ ಹೊಡೆಯುತ್ತಿದ್ದ ಕಾಲದ್ದೇ ಉಳಿಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಪ್ರತಿ ನಾಲ್ವರು ವಯಸ್ಕರಲ್ಲಿ ಹೆಚ್ಚುಕಡಿಮೆ ಒಬ್ಬರು ಅಧಿಕ ತೂಕದವರು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10 ಕೋಟಿಗೂ ಮೇಲೆಂದು ಅಂದಾಜಿಸಿತು. ಸಕ್ಕರೆ ಕಾಯಿಲೆ ಈಗ ಶ್ರೀಮಂತರ ಕಾಯಿಲೆಯಾಗಿ ಉಳಿದಿಲ್ಲ.

ತೂಕ ಹೆಚ್ಚಾಗಿದೆಯೇ ಎಂದು ತಿಳಿಯಲು ಒಂದು ಸಣ್ಣ ಲೆಕ್ಕವಿದೆ. ಕಿಲೋಗ್ರಾಂನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಬೇಕು. 165 ಸೆಂಟಿಮೀಟರ್ ಎತ್ತರ, 72 ಕಿಲೋ ತೂಕದವರಿಗೆ ಉತ್ತರ 26.4. ಭಾರತೀಯರಿಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ವೈದ್ಯರು ಪರಿಗಣಿಸುತ್ತಾರೆ. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಿದರೂ ಎಚ್ಚರವಾಗಬೇಕು.

ಜೋಳ ಮದ್ದಲ್ಲ, ಅಳತೆ ಮದ್ದು

‘ಅನ್ನ ಬಿಟ್ಟು ರೊಟ್ಟಿ ತಿನ್ನಿ, ತೂಕ ತಾನಾಗಿ ಇಳಿಯುತ್ತದೆ’ ಎಂದು ಹೇಳುವವರಿದ್ದಾರೆ. ಇದು ಅರ್ಧ ಸತ್ಯ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 334 ಕ್ಯಾಲೊರಿ ಶಕ್ತಿ ಇದೆ. ಅಷ್ಟೇ ಅಕ್ಕಿಯಲ್ಲಿ 356. ವ್ಯತ್ಯಾಸ ಅತ್ಯಲ್ಪ. ಮಿತಿಮೀರಿ ತಿಂದರೆ ಜೋಳವೂ ಬೊಜ್ಜಾಗುತ್ತದೆ.

ಹಾಗಾದರೆ ರೊಟ್ಟಿಯ ಹೆಚ್ಚುಗಾರಿಕೆ ಏನು? ಮೊದಲನೆಯದು ನಾರು. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದ್ದರೆ, ಬಿಳಿ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ನಾರು ಜೀರ್ಣಕ್ರಿಯೆಯನ್ನು ನಿಧಾನ ಮಾಡಿ ಹಸಿವನ್ನು ಮುಂದೂಡುತ್ತದೆ. ಎರಡನೆಯದು ಅಗಿಯುವ ಕೆಲಸ. ಹೊಟ್ಟೆ ತುಂಬಿತೆಂಬ ಸುದ್ದಿ ಮಿದುಳಿಗೆ ಮುಟ್ಟಲು ಸುಮಾರು 20 ನಿಮಿಷ ಬೇಕು. ಮೆತ್ತಗಿನ ಅನ್ನ ಅಷ್ಟರೊಳಗೆ ಎರಡು ಸಲ ತಟ್ಟೆಗೆ ಬಂದಿರುತ್ತದೆ. ಖಡಕ್ ರೊಟ್ಟಿಯನ್ನು ಮುರಿದು, ಪಲ್ಯ ಹಚ್ಚಿ, ಅಗಿದು ನುಂಗುವಷ್ಟರಲ್ಲಿ ಸುದ್ದಿ ಮುಟ್ಟಿರುತ್ತದೆ.

ಮೂರನೆಯದೇ ಎಲ್ಲಕ್ಕಿಂತ ದೊಡ್ಡದು. ರೊಟ್ಟಿಯನ್ನು ಎಣಿಸಬಹುದು, ಅನ್ನವನ್ನು ಎಣಿಸಲಾಗದು. ‘ಇನ್ನೊಂದು ಸೌಟು’ ಎಂಬ ಮಾತಿಗೆ ಅಳತೆಯಿಲ್ಲ. ‘ಇನ್ನೊಂದು ರೊಟ್ಟಿ’ ಎಂಬುದಕ್ಕೆ ಇದೆ. ಒಂದು ಕಿಲೋ ಹಿಟ್ಟಿಗೆ 25 ರೊಟ್ಟಿ ಬಡಿದರೆ ಒಂದಕ್ಕೆ 40 ಗ್ರಾಂ ಹಿಟ್ಟು, ಅಂದರೆ ಸುಮಾರು 134 ಕ್ಯಾಲೊರಿ. ಲೆಕ್ಕ ಬರುವವರಿಗೂ ಬಾರದವರಿಗೂ ಇದು ಅರ್ಥವಾಗುತ್ತದೆ.

ಒಂದು ಕಿಲೋ ಬೊಜ್ಜಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿರುತ್ತದೆ. ದಿನಕ್ಕೆ 500 ಕ್ಯಾಲೊರಿ ಕಡಿಮೆ ಉಂಡರೆ ವಾರಕ್ಕೆ 3,500 ಉಳಿಯಿತು. ಅಂದರೆ ತೂಕ ಅರ್ಧ ಕಿಲೋಗಿಂತ ತುಸು ಕಡಿಮೆ ಇಳಿಯಬಹುದು. ಪೋಷಣಾ ಸಂಸ್ಥೆಯೂ ವಾರಕ್ಕೆ ಅರ್ಧ ಕಿಲೋ ಇಳಿಕೆಯೇ ಸುರಕ್ಷಿತವೆಂದೂ, ದಿನದ ಆಹಾರ 1,000 ಕ್ಯಾಲೊರಿಗಿಂತ ಕೆಳಗೆ ಹೋಗಬಾರದೆಂದೂ ಹೇಳುತ್ತದೆ. ಮೈ ಹಗುರಾದಂತೆ ಇಳಿಕೆಯ ವೇಗ ತಗ್ಗುವುದು ಸಹಜ. ತಿಂಗಳಿಗೆ ಹತ್ತು ಕಿಲೋ ಇಳಿಸುತ್ತೇವೆಂಬ ಜಾಹೀರಾತುಗಳನ್ನು ನಂಬಬಾರದು.

ರವಿವಾರದ ಕೆಲಸ

ಮನೆಯಲ್ಲಿ ಗಂಡ–ಹೆಂಡತಿ ಇಬ್ಬರಿದ್ದಾರೆ, ಇಬ್ಬರೂ ಕುಳಿತು ಮಾಡುವ ಕೆಲಸದವರು, ಇಬ್ಬರಿಗೂ ತೂಕ ಇಳಿಯಬೇಕಿದೆ ಎಂದಿಟ್ಟುಕೊಳ್ಳಿ. ಗಂಡನಿಗೆ ದಿನಕ್ಕೆ ಐದು, ಹೆಂಡತಿಗೆ ನಾಲ್ಕು ರೊಟ್ಟಿ. ಹೀಗೆ ವಾರಕ್ಕೆ 63 ರೊಟ್ಟಿ, ಎರಡೂವರೆ ಕಿಲೋ ಹಿಟ್ಟು. ಸಿದ್ಧತೆಗಳು ಇವು:

ಒಂದು, ರೊಟ್ಟಿ. ಜೋಳದಲ್ಲಿ ಗೋಧಿಯ ಹಾಗೆ ಜಿಗುಟಿನ ಅಂಶವಿಲ್ಲ. ಆದ್ದರಿಂದಲೇ ಹಿಟ್ಟಿಗೆ ಕುದಿಯುವ ಎಸರು ಹಾಕುತ್ತಾರೆ. ಬಿಸಿಗೆ ಪಿಷ್ಟ ಅರಳಿ ಅಂಟಾಗುತ್ತದೆ. ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಸಣ್ಣ ಉರಿಯಲ್ಲಿ ನೀರಾರುವವರೆಗೆ ಒಣಗಿಸಿದರೆ ರೊಟ್ಟಿ ಖಡಕ್ ಆಗುತ್ತದೆ. ಬೂಸ್ಟು ಬೆಳೆಯಲು ತೇವ ಬೇಕು. ತೇವವೇ ಇಲ್ಲದ ಮೇಲೆ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಬಿಸಿ ಪೂರಾ ಆರಿದ ಮೇಲೆಯೇ ಡಬ್ಬಿಗೆ ಹಾಕಬೇಕು. ಇಲ್ಲವಾದರೆ ಹಬೆ ನೀರಾಗಿ ರೊಟ್ಟಿಗೆ ಬೂಸ್ಟು ಹಿಡಿಯುತ್ತದೆ. ಬಡಿಯಲು ಬಾರದವರು, ಸಮಯವಿಲ್ಲದವರು ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿಂದ ಕೊಳ್ಳಬಹುದು. ನಾಲ್ಕು ಮನೆಗಳಿಗೆ ಅದು ಜೀವನವೂ ಆಗುತ್ತದೆ.

ಎರಡು, ಹಿಂಡಿ. ಅಗಸಿ 100 ಗ್ರಾಂ, ಸೇಂಗಾ 100 ಗ್ರಾಂ, ಪುಟಾಣಿ 50 ಗ್ರಾಂ ಬೇರೆಬೇರೆಯಾಗಿ ಹುರಿದು, ಬೆಳ್ಳುಳ್ಳಿ, ಒಣ ಮೆಣಸಿನಕಾಯಿ, ಸ್ವಲ್ಪ ಉಪ್ಪು ಹಾಕಿ ಕುಟ್ಟಿದರೆ ಇಬ್ಬರಿಗೆ ಒಂದು ವಾರ ಸಾಕು. ಆದರೆ ಸೇಂಗಾ 100 ಗ್ರಾಂಗೆ 520 ಕ್ಯಾಲೊರಿ ಕೊಡುತ್ತದೆಂಬುದನ್ನು ಮರೆಯಬಾರದು. ದಿನಕ್ಕೆ ಎರಡು ಚಮಚ ಮಿತಿ. ಅದರ ಮೇಲೆ ಎಣ್ಣೆ ಸುರಿದುಕೊಳ್ಳುವ ರೂಢಿಯನ್ನು ಬಿಟ್ಟು ಮೊಸರು ಹಾಕಿಕೊಳ್ಳುವುದು ಒಳ್ಳೆಯದು.

ಮೂರು, ಕಾಳು. ಹೆಸರು, ಮಡಿಕೆ, ಹುರುಳಿ, ಅಲಸಂದಿ, ತೊಗರಿಬೇಳೆ ಎಲ್ಲ ಸೇರಿ ವಾರಕ್ಕೆ ಒಂದೂಕಾಲು ಕಿಲೋ. ರವಿವಾರ ಒಂದು ಬಗೆ, ಬುಧವಾರ ಇನ್ನೊಂದು ಬಗೆ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಬೇಕು. ಮೊಳಕೆಯನ್ನು ಹಸಿಯಾಗಿ ತಿನ್ನದೆ ಹಬೆಯಲ್ಲಿ ಬೇಯಿಸುವುದು ಕ್ಷೇಮ.

ನಾಲ್ಕು, ಸೊಪ್ಪು–ತರಕಾರಿ. ಮೆಂತ್ಯೆ, ಪುಂಡಿ, ರಾಜಗಿರಿ ಸೊಪ್ಪನ್ನು ಬಿಡಿಸಿ, ತೇವವಿಲ್ಲದ ಬಟ್ಟೆಯಲ್ಲಿ ಸುತ್ತಿಡಿ. ತೊಳೆಯುವುದು ಅಡುಗೆಯ ಹೊತ್ತಿಗೆ. ತಟ್ಟೆಯ ಅರ್ಧ ಭಾಗ ತರಕಾರಿ, ಸೊಪ್ಪು, ಹಣ್ಣಿನದ್ದಾಗಬೇಕೆಂಬುದು ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯ ಮಾತು. ಸೌತೆಕಾಯಿ, ಮೂಲಂಗಿ, ಹಸಿ ಉಳ್ಳಾಗಡ್ಡಿ ಇದ್ದರೆ ಕುದಿಸುವ ಕೆಲಸವೂ ಇಲ್ಲ.

ಐದು, ಎಣ್ಣೆ. ಇದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಪರಿಣಾಮಕಾರಿ. ಒಬ್ಬರಿಗೆ ದಿನಕ್ಕೆ ಮೂರು ಸಣ್ಣ ಚಮಚದಂತೆ ಇಬ್ಬರಿಗೆ ವಾರಕ್ಕೆ ಸುಮಾರು 210 ಮಿಲಿಲೀಟರ್ ಎಣ್ಣೆ ಬೇಕು. ರವಿವಾರ ಅಷ್ಟನ್ನು ಅಳೆದು ಸಣ್ಣ ಬಾಟಲಿಗೆ ತುಂಬಿಡಿ. ಶನಿವಾರ ರಾತ್ರಿಯವರೆಗೆ ಅಷ್ಟೇ. ಗುರುವಾರವೇ ಬಾಟಲಿ ಬರಿದಾದರೆ ತೂಕ ಏಕೆ ಇಳಿಯುತ್ತಿಲ್ಲ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತೆಂದೇ ತಿಳಿಯಬೇಕು.

ದಿನದ ಹಂಚಿಕೆ

ಬೆಳಗ್ಗೆ ಎರಡು ರೊಟ್ಟಿ, ಮೊಳಕೆಕಾಳಿನ ಪಲ್ಯ. ಮಧ್ಯಾಹ್ನ ಡಬ್ಬಿಯಲ್ಲಿ ಎರಡು ರೊಟ್ಟಿ, ಬೇಳೆ ಹಾಕಿದ ಸೊಪ್ಪಿನ ಪಲ್ಯ, ಉಳ್ಳಾಗಡ್ಡಿ, ಒಂದು ಲೋಟ ಮಜ್ಜಿಗೆ. ಸಂಜೆ ಬಂಡಿ ಕಣ್ಣಿಗೆ ಬೀಳುವ ಮುಂಚೆಯೇ ಜೇಬಿನಲ್ಲಿರುವ ಒಂದು ಹಿಡಿ ಪುಟಾಣಿ. 30 ಗ್ರಾಂ ಪುಟಾಣಿಗೆ ಸುಮಾರು 110 ಕ್ಯಾಲೊರಿ. ಮಿರ್ಚಿ 20 ಗ್ರಾಂ ಎಣ್ಣೆ ಹೀರಿದ್ದರೆ ಆ ಎಣ್ಣೆಯೊಂದರಿಂದಲೇ 180. ರಾತ್ರಿ ಒಂದು ರೊಟ್ಟಿ ಇಲ್ಲವೆ ಒಂದು ಸಣ್ಣ ಬಟ್ಟಲು ಅನ್ನ, ಕಾಳಿನ ಸಾರು, ತರಕಾರಿ. ಒಂದು ಲೋಟ ಚಹಾ ಸೇರಿ ಇದು ಸುಮಾರು 1,500 ಕ್ಯಾಲೊರಿ ಆಗುತ್ತದೆ. ಕುಳಿತು ಕೆಲಸ ಮಾಡುವ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 2,110 ಕ್ಯಾಲೊರಿ, 55 ಕಿಲೋ ತೂಕದ ಹೆಂಗಸಿಗೆ 1,660 ಸಾಕೆಂಬುದು ಅಧಿಕೃತ ಅಂದಾಜು. ಹೆಂಗಸರು ಬೆಳಗ್ಗೆ ಒಂದು ರೊಟ್ಟಿ ಕಡಿಮೆ ಮಾಡಿದರೂ ಅವರ ಇಳಿಕೆ ಗಂಡಸರಷ್ಟು ಬೇಗ ಕಾಣದು. ಬೇಸರಪಡಬೇಕಾಗಿಲ್ಲ.

ಎರಡು ಎಚ್ಚರಿಕೆ ಮಾತು

ರಾಯಚೂರಿನ ಬೇಸಿಗೆಯಲ್ಲಿ ಮಾಡಿಟ್ಟ ಪಲ್ಯವನ್ನು ನಂಬಬಾರದು. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾಗಳು ವೇಗವಾಗಿ ಬೆಳೆಯುತ್ತವೆ. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮ ಅಡುಗೆಮನೆ ಆ ಮಿತಿಯ ಒಳಗೇ ಇರುತ್ತದೆ. ಗುಳೆಯ ಬುತ್ತಿಯಲ್ಲಿ ಪಲ್ಯವಿಲ್ಲದೆ ಒಣ ಹಿಂಡಿಯಷ್ಟೇ ಇರುವುದು ಈ ಕಾರಣಕ್ಕೇ. ವಾರಕ್ಕೆ ಮಾಡಿಡಬೇಕಾದದ್ದು ಒಣ ಪದಾರ್ಥ. ಒದ್ದೆಯದನ್ನು ದಿನದಿನಕ್ಕೆ ಮಾಡಬೇಕು. ಕಾಳು, ಸೊಪ್ಪು ಅಣಿಯಾಗಿದ್ದರೆ ಅದು ಕಾಲು ಗಂಟೆಯ ಕೆಲಸ.

ಇನ್ನೊಂದು ಮಾತು ಇನ್ನೂ ಮುಖ್ಯ. ಈ ಲೆಕ್ಕ ಎಲ್ಲರಿಗಲ್ಲ. ಬೆಳೆಯುವ ಮಕ್ಕಳು, ಬಸುರಿ–ಬಾಣಂತಿಯರು, ಬಿಸಿಲಲ್ಲಿ ಸಸಿ ನಾಟಿ ಕಳೆ ತೆಗೆಯುವ ಹೆಣ್ಣುಮಕ್ಕಳು ರೊಟ್ಟಿ ಎಣಿಸಬಾರದು. ಅವರಿಗೆ ಬೇಕಾದದ್ದು ಇನ್ನಷ್ಟು ಕಾಳು, ಸೊಪ್ಪು, ಹಾಲು, ಮೊಟ್ಟೆ. ಸಕ್ಕರೆ ಕಾಯಿಲೆಗೆ ಗುಳಿಗೆ ಇಲ್ಲವೆ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಗ್ಗಿಸುವ ಮುಂಚೆ ವೈದ್ಯರನ್ನು ಕಾಣಬೇಕು. ಇಲ್ಲದಿದ್ದರೆ ರಕ್ತದ ಸಕ್ಕರೆ ಹಠಾತ್ತನೆ ಕುಸಿಯುವ ಅಪಾಯವಿದೆ.

ಕೈ ಯಾರದು?

63 ರೊಟ್ಟಿ ಎಂದು ಬರೆಯುವುದು ಸುಲಭ. ಹಂಚಿನ ಮುಂದೆ ಕುಳಿತು ಬಡಿಯುವ ಕೈ ಯಾರದು ಎಂದೂ ಕೇಳಬೇಕು. ಗಂಡನ ಹೊಟ್ಟೆ ಕರಗಲು ಹೆಂಡತಿಯ ರಟ್ಟೆ ಸವೆಯುವಂತಾದರೆ ಆ ಪದ್ಧತಿ ಎರಡು ವಾರವೂ ನಡೆಯದು. ಕಾಳು ನೆನೆಸುವುದು, ಸೊಪ್ಪು ಬಿಡಿಸುವುದು, ಹಿಂಡಿ ಕುಟ್ಟುವುದು, ಎಣ್ಣೆ ಅಳೆಯುವುದು ಇವಕ್ಕೆ ಯಾವ ವಿಶೇಷ ವಿದ್ಯೆಯೂ ಬೇಡ. ರವಿವಾರದ ಪೇಪರ್ ಓದಿ ಮುಗಿಸಿದ ಗಂಡಸರು ಇಷ್ಟನ್ನು ಧಾರಾಳವಾಗಿ ಮಾಡಬಹುದು.

ದೇವದುರ್ಗದ ಆ ತಾಯಿ ರೊಟ್ಟಿ ಎಣಿಸಿದ್ದು ಇಲ್ಲದುದರಿಂದ. ನಗರದವರು ಎಣಿಸಬೇಕಾಗಿರುವುದು ಹೆಚ್ಚಾದುದರಿಂದ. ಎರಡು ಲೆಕ್ಕವೂ ಒಂದೇ ಜಿಲ್ಲೆಯಲ್ಲಿ, ಒಂದೇ ಸಂಜೆ ನಡೆಯುತ್ತಿರುವುದು ನಮ್ಮ ಕಾಲದ ವಿಚಿತ್ರ. ಆಕೆಯ ಗಂಟು ದೊಡ್ಡದಾಗಲಿ, ನಮ್ಮ ತಟ್ಟೆ ಸಣ್ಣದಾಗಲಿ.