ತರಚು ಗಾಯಕ್ಕೆ ಮೊದಲ ಮದ್ದು ನೀರು
ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಹೊಲಗಳಲ್ಲಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳ ಬೆರಳು ನೋಡಿ. ಒಡೆದ ಕಾಯಿಯ ಒಣ ಸಿಪ್ಪೆ ಚುಚ್ಚಿ ಉಗುರಿನ ಬುಡದಲ್ಲಿ ಸಣ್ಣ ಸಣ್ಣ ಗೀರು ಮೂಡಿರುತ್ತವೆ. ಅವುಗಳೊಳಗೆ ಎರೆಮಣ್ಣು ಕಪ್ಪಗೆ ಕೂತಿರುತ್ತದೆ. ಇಂಥ ಗಾಯಕ್ಕೆ ಅರಿಶಿಣ, ಸುಣ್ಣ, ಬೂದಿ, ಹೀಗೆ ಕೈಗೆ ಸಿಕ್ಕಿದ್ದನ್ನು ಮೆತ್ತುವ ರೂಢಿಯಿದೆ. ಆದರೆ ಗಾಯ ಮಾಯಿಸುವುದು ಮೈಯೇ. ನಮ್ಮ ಕೆಲಸ ಮಣ್ಣು ತೆಗೆಯುವುದು. ಕೈ ತೊಳೆದುಕೊಂಡು, ಕುಡಿಯುವ ನೀರನ್ನೇ ಐದು ನಿಮಿಷ ಧಾರೆಯಾಗಿ ಬಿಡಬೇಕು, ಸುತ್ತಲ ಚರ್ಮಕ್ಕೆ ಸೋಪು ಹಚ್ಚಬೇಕು. ನಾರಾಯಣಪುರ ಅಣೆಕಟ್ಟೆಯ ಕಾಲುವೆ ನೀರು ಎಷ್ಟೇ ತಿಳಿಯಾಗಿ ಕಂಡರೂ ಇದಕ್ಕೆ ಬೇಡ.

ನೀರು ಸೋಕಿದರೆ ಕೀವಾಗುತ್ತದೆ ಎಂಬ ಹಿರಿಯರ ಮಾತು ಹೊಲಸು ನೀರಿನ ಮಟ್ಟಿಗೆ ಸರಿ, ಶುದ್ಧ ನೀರಿಗಲ್ಲ. ಅರಿಶಿಣದ ಕರ್ಕ್ಯುಮಿನ್ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ತಡೆದದ್ದೂ ನಿಜವೇ. ಆದರೆ ಅಡುಗೆಮನೆಯ ಡಬ್ಬಿಯ ಪುಡಿ ರೋಗಾಣುಮುಕ್ತವಲ್ಲ. ತೆರೆದ ಗಾಯದಲ್ಲಿ ಅದೂ ಒಂದು ಧೂಳೇ. ಸುಣ್ಣವಂತೂ ಹಸಿ ಚರ್ಮವನ್ನೇ ಸುಡುತ್ತದೆ. ಇನ್ನು, ಗಾಯ ಗಾಳಿಗೆ ಒಣಗಲಿ ಎನ್ನುವವರಿದ್ದಾರೆ. 1962ರಲ್ಲಿ ಸಂಶೋಧಕ ಜಾರ್ಜ್ ವಿಂಟರ್ ಹಂದಿಗಳ ಮೇಲೆ ಪರೀಕ್ಷಿಸಿ, ಮುಚ್ಚಿ ತೇವವಾಗಿಟ್ಟ ಗಾಯದಲ್ಲಿ ಹೊಸ ಚರ್ಮ ಬೇಗ ಹರಡುತ್ತದೆಂದು ತೋರಿಸಿದರು. ಹಾಗಾಗಿ ತೆಳುವಾಗಿ ವ್ಯಾಸಲೀನ್ ಸವರಿ, ಶುದ್ಧ ಪಟ್ಟಿ ಕಟ್ಟಿ, ದಿನಕ್ಕೊಮ್ಮೆ ಬದಲಿಸಿದರೆ ಸಾಕು. ಧನುರ್ವಾಯುವಿನ ರೋಗಾಣು ಮಣ್ಣು, ಸಗಣಿಯಲ್ಲೇ ಇರುವುದರಿಂದ, ಕೊನೆಯ ಚುಚ್ಚುಮದ್ದು ಆಗಿ ಐದು ವರ್ಷ ಕಳೆದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮತ್ತೆ ಹಾಕಿಸಿಕೊಳ್ಳಬೇಕು. ಕೆಂಪು ಹರಡಿದರೆ, ಜ್ವರ ಬಂದರೆ, ಮೊಳೆ ಆಳಕ್ಕಿಳಿದಿದ್ದರೆ, ಸಕ್ಕರೆ ಕಾಯಿಲೆಯವರ ಪಾದಕ್ಕೆ ಗಾಯವಾಗಿದ್ದರೆ, ಅಂದೇ ಆಸ್ಪತ್ರೆಗೆ ಹೋಗಬೇಕು.