ಎತ್ತಿಗೆ ಜ್ವರ, ಎಮ್ಮೆಗೆ ಬರೆ

ನವಲಗುಂದ, ಅಣ್ಣಿಗೇರಿ ಕಡೆಯ ಹಳ್ಳಿಗಳಲ್ಲಿ ಪತ್ರಿಕೆಯನ್ನು ಒಬ್ಬರೇ ಕುಳಿತು ಓದುವುದು ಅಪರೂಪ. ಹುಬ್ಬಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದ ಒಂದೇ ಪ್ರತಿ ಚಹಾದಂಗಡಿಯಲ್ಲಿ ಪುಟಪುಟವಾಗಿ ಬಿಡಿಸಿಕೊಂಡು ಕೈಯಿಂದ ಕೈಗೆ ಹೋಗುತ್ತದೆ. ಕನ್ನಡಕ ಮರೆತು ಬಂದ ಹಿರಿಯರಿಗಾಗಿ ಯಾರಾದರೂ ಗಟ್ಟಿಯಾಗಿ ಓದಬೇಕು. ಓದುವುದು ತಲೆಬರಹವನ್ನು ಮಾತ್ರ. ಊರಲ್ಲೆಲ್ಲ ತಿರುಗುವುದೂ ಅದೇ ತಲೆಬರಹ.

2019ರ ಸೆಪ್ಟೆಂಬರ್ ತಿಂಗಳಲ್ಲಿ ಹಾಗೆ ತಿರುಗಿದ್ದು ಬೆಳಗಾವಿ ಬಳಿಯ ಕಾಕತಿಯ ಸುದ್ದಿ. 21 ವರ್ಷದ ಯುವಕನೊಬ್ಬ ಬೆಳಗಿನ ಜಾವ ತನ್ನ ತಂದೆಯನ್ನೇ ಕ್ರೂರವಾಗಿ ಕೊಂದಿದ್ದ. ಮೊಬೈಲಿನಲ್ಲಿ ಪಬ್ಜಿ ಆಡಬೇಡ ಎಂದು ತಂದೆ ಗದರಿದ್ದೇ ಕಾರಣ ಎಂದು ಸುದ್ದಿಯಾಯಿತು. ಕಿತ್ತೂರು ಚೆನ್ನಮ್ಮನ ತವರೂರು ಎಂದು ಹೆಸರಾದ ಕಾಕತಿ ಒಂದೇ ದಿನದಲ್ಲಿ ದೇಶದ ವಾಹಿನಿಗಳಿಗೆಲ್ಲ ‘ಪಬ್ಜಿ ಕೊಲೆ’ಯ ಊರಾಯಿತು.

“ಈ ಮೊಬೈಲ್ ಬಂದ ಮ್ಯಾಲೆ ಹುಡುಗೂರು ಕೆಟ್ಟು ಹೋದ್ವು ನೋಡ್ರಿ” ಎಂಬ ಮಾತು ಕಟ್ಟೆಯ ಮೇಲೆ ಅಂದಿನಿಂದ ಇಂದಿನವರೆಗೂ ಕೇಳಿಬರುತ್ತಲೇ ಇದೆ. ಆ ಮಾತಿನ ಹಿಂದಿರುವ ಭಯ ಸುಳ್ಳಲ್ಲ. ಮಗನ ಕೋಣೆಯಲ್ಲಿ ನಡುರಾತ್ರಿಯೂ ಆರದ ಬೆಳಕನ್ನು ಕಂಡ ತಂದೆ-ತಾಯಿಯ ಸಂಕಟ ನಿಜವಾದದ್ದೇ. ಆದರೆ ಆ ಭಯಕ್ಕೆ ಸಿಕ್ಕ ಉತ್ತರ ಸರಿಯೇ?

ತಲೆಬರಹದ ಕೆಳಗೆ

ಕಾಕತಿಯ ವರದಿಗಳನ್ನು ಕೊನೆಯ ಸಾಲಿನವರೆಗೂ ಓದಿದವರಿಗೆ ಬೇರೆ ಸಂಗತಿಗಳೂ ಸಿಗುತ್ತಿದ್ದವು. ಯುವಕ ಓದಿನಲ್ಲಿ ಹಿಂದೆ ಬಿದ್ದಿದ್ದ. ಕೊಲೆಯ ಹಿಂದಿನ ದಿನವೇ ನೆರೆಯವರ ಮನೆಗೆ ಕಲ್ಲು ತೂರಿದನೆಂದು ದೂರು ಹೋಗಿ, ಪೊಲೀಸರು ಕರೆಸಿ ಬುದ್ಧಿ ಹೇಳಿ ಕಳಿಸಿದ್ದರು. ಕಾರಣವಿಲ್ಲದೆ ನೆರೆಮನೆಗೆ ಕಲ್ಲೆಸೆಯುವ ಹುಡುಗನಿಗೆ ಬೇಕಾದದ್ದು ಠಾಣೆಯ ಬುದ್ಧಿಮಾತೋ, ವೈದ್ಯರ ಪರೀಕ್ಷೆಯೋ? ಆ ಪ್ರಶ್ನೆ ಯಾವ ತಲೆಬರಹಕ್ಕೂ ಏರಲಿಲ್ಲ. ‘ಪಬ್ಜಿ’ ಎಂಬ ಎರಡಕ್ಷರ ಅದಕ್ಕೆ ಜಾಗ ಉಳಿಸಿರಲಿಲ್ಲ.

ಇದರಲ್ಲಿ ವರದಿಗಾರರದೇ ತಪ್ಪು ಎನ್ನುವಂತಿಲ್ಲ. ಅಪರಾಧದ ಮೊದಲ ದಿನದ ಸುದ್ದಿ ಹುಟ್ಟುವುದು ಪೊಲೀಸ್ ಠಾಣೆಯಲ್ಲಿ, ನೆರೆಹೊರೆಯವರ ಮೊದಲ ಮಾತಿನಲ್ಲಿ. ಸಂಜೆಯೊಳಗೆ ಸುದ್ದಿ ಕಳಿಸಬೇಕು. ‘ಯಾಕೆ ಕೊಂದ?’ ಎಂಬ ಪ್ರಶ್ನೆಗೆ ಒಂದು ಸಾಲಿನ ಉತ್ತರ ಬೇಕು. ನ್ಯಾಯಾಲಯದ ಮುಂದೆ ಸಾಕ್ಷಿ ನುಡಿಯುವ ಹೊತ್ತಿಗೆ, ವೈದ್ಯರ ವರದಿ ಬರುವ ಹೊತ್ತಿಗೆ ವರ್ಷಗಳು ಕಳೆದು, ಸುದ್ದಿ ಹಳತಾಗಿರುತ್ತದೆ. ಮೊದಲ ದಿನದ ಊಹೆಯೇ ಜನರ ನೆನಪಿನಲ್ಲಿ ತೀರ್ಪಾಗಿ ನಿಲ್ಲುತ್ತದೆ.

ಇನ್ನೊಂದು ಸರಳ ಲೆಕ್ಕವೂ ಇಲ್ಲಿ ತಪ್ಪುತ್ತದೆ. ತಪ್ಪು ಮಾಡಿದ ಹುಡುಗನ ಜೇಬಿನಲ್ಲಿ ಮೊಬೈಲ್ ಸಿಕ್ಕಿತು, ಅದರಲ್ಲಿ ಗುಂಡು ಹಾರಿಸುವ ಆಟ ಸಿಕ್ಕಿತು ಎನ್ನುತ್ತಾರೆ. ಆದರೆ ಅದೇ ಆಟವನ್ನು ಆಡಿ, ಬೆಳಗಾದರೆ ಕಲಘಟಗಿಯ ಬಸ್ ಹಿಡಿದು ಕಾಲೇಜಿಗೆ ಹೋಗುವ, ಹೆಸರಿನ ಒಕ್ಕಣೆಗೆ ಮನೆಯವರ ಜೊತೆ ಹೊಲಕ್ಕಿಳಿಯುವ ಹುಡುಗರ ಜೇಬನ್ನು ಯಾರೂ ತಡಕುವುದಿಲ್ಲ. ಹಿಂದೆ ಎಲ್ಲರ ಜೇಬಿನಲ್ಲಿ ಕಡ್ಡಿಪೆಟ್ಟಿಗೆ ಇರುತ್ತಿತ್ತು. ಬಣವೆಗೆ ಬೆಂಕಿ ಬಿದ್ದರೆ ಜನ ಕೇಳುತ್ತಿದ್ದುದು ಇಟ್ಟವರು ಯಾರು, ಅವರಿಗಿದ್ದ ಸಿಟ್ಟೇನು ಎಂದು.

ಹಳೆಯ ಆರೋಪಿಗಳು

ಹುಡುಗರನ್ನು ಕೆಡಿಸಿದ ಆರೋಪ ಹೊತ್ತದ್ದರಲ್ಲಿ ಮೊಬೈಲ್ ಮೊದಲನೆಯದಲ್ಲ. ಒಂದು ಕಾಲಕ್ಕೆ ಆ ಜಾಗದಲ್ಲಿ ನಾಟಕ ಕಂಪನಿಯಿತ್ತು, ಸಂಗೀತವಿತ್ತು. ಮಗ ಕಂಪನಿ ಸೇರಿದನೆಂದರೆ ಮನೆತನದ ಮರ್ಯಾದೆ ಹೋಯಿತೆಂದೇ ಲೆಕ್ಕ. ಅಂಥ ಕಂಪನಿಗಳಲ್ಲಿ ಸ್ತ್ರೀಪಾತ್ರ ಮಾಡಿ, ಹಾಡಿ ಹೆಸರಾದವರು ಕುಂದಗೋಳದ ರಾಮಚಂದ್ರರಾಯರು. ಅವರೇ ಮುಂದೆ ಸವಾಯಿ ಗಂಧರ್ವರಾದರು. 1933ರಲ್ಲಿ, 11ನೇ ವಯಸ್ಸಿಗೆ, ಹಾಡಿನ ಹುಚ್ಚು ಹತ್ತಿಸಿಕೊಂಡು ಗದುಗಿನ ಮನೆ ಬಿಟ್ಟು ಓಡಿಹೋದ ಹುಡುಗ ಊರೂರು ಅಲೆದು ಕೊನೆಗೆ ಬಂದು ಕಲಿತದ್ದು ಇದೇ ಗುರುಗಳ ಬಳಿ. ಆ ಹುಡುಗನ ಹೆಸರು ಭೀಮಸೇನ ಜೋಶಿ. ಸಂಗೀತಕ್ಕೆ ಕೆಟ್ಟ ಹುಡುಗ ಎಂದು ಅಂದು ಬರೆಯುವುದಾಗಿದ್ದರೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗುತ್ತಿರಲಿಲ್ಲ.

ರಕ್ತ ಹರಿಯುವ ಕಥೆಗಳಿಗೂ ಈ ಸೀಮೆಯಲ್ಲಿ ಕೊರತೆಯಿಲ್ಲ. ರಾತ್ರಿಯಿಡೀ ನಡೆಯುವ ದೊಡ್ಡಾಟಗಳಲ್ಲಿ ಯುದ್ಧವೇ ಪ್ರಧಾನ. ಸಣ್ಣಾಟಗಳಲ್ಲಿ ಮನೆಮಾತಾದ ‘ಸಂಗ್ಯಾ-ಬಾಳ್ಯಾ’ ಗೆಳೆತನ, ದ್ರೋಹ, ಕೊಲೆಯ ಕಥೆ; ಬೈಲಹೊಂಗಲದಲ್ಲಿ ನಿಜವಾಗಿ ನಡೆದದ್ದೆಂದೇ ಪ್ರತೀತಿ. ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಅಬ್ಬಣಬ್ಬೆಯ ಮಗನಾದ ಆದಿಕವಿ ಪಂಪ ಬರೆದದ್ದೂ ಕುರುಕ್ಷೇತ್ರದ ಕಾಳಗವನ್ನೇ. ನವಲಗುಂದದ ಹೆಸರಾಂತ ಜಮಖಾನಗಳಲ್ಲಿ ಪಗಡೆಯ ಚಿತ್ತಾರವೂ ಇರುತ್ತದೆ. ಆ ಪಗಡೆಯೇ ಮಹಾಭಾರತಕ್ಕೆ ಮೂಲವೆಂದು ಗೊತ್ತಿದ್ದೂ ಯಾರೂ ಜಮಖಾನ ಸುತ್ತಿಡಲು ಹೇಳಲಿಲ್ಲ.

ಆಮೇಲೆ ಸಿನಿಮಾ ಬಂತು. 1995ರಲ್ಲಿ ತೆರೆಕಂಡ, ಭೂಗತ ಲೋಕದ ನಿಜವಾದ ಮುಖಗಳನ್ನೇ ತೋರಿಸಿದ ‘ಓಂ’ ಚಿತ್ರದ ನಂತರ, ಹುಡುಗರ ಕೈಗೆ ಲಾಂಗು-ಮಚ್ಚು ಕೊಟ್ಟದ್ದು ಸಿನಿಮಾ ಎಂಬ ಮಾತು ವರ್ಷಗಟ್ಟಲೆ ನಡೆಯಿತು. 1972ರ ‘ಬಂಗಾರದ ಮನುಷ್ಯ’ ನೋಡಿ ಪಟ್ಟಣದಲ್ಲಿ ಓದಿದ ಯುವಕರು ಹಳ್ಳಿಗೆ ಮರಳಿ ಒಕ್ಕಲುತನ ಹಿಡಿದರು ಎಂಬುದೂ ಕರ್ನಾಟಕದ ಪ್ರೀತಿಯ ಮಾತು. ಸಿನಿಮಾಕ್ಕೆ ಅಷ್ಟೊಂದು ಬಲವಿದ್ದಿದ್ದರೆ ಈ ಐವತ್ತು ವರ್ಷಗಳಲ್ಲಿ ಎರೆಭೂಮಿಯ ಒಕ್ಕಲುತನ ಬಂಗಾರವೇ ಆಗಬೇಕಿತ್ತು. ಕಥೆ ಮನಸ್ಸನ್ನು ಮುಟ್ಟುತ್ತದೆ, ನಡೆ-ನುಡಿ, ಉಡುಪು, ಕೂದಲಿನ ಕಟ್ಟನ್ನು ಬದಲಿಸುತ್ತದೆ. ಕೊಲೆಗಾರನನ್ನು ಹುಟ್ಟಿಸಲು ಅಷ್ಟೇ ಸಾಲದು.

ಈಗ ಸರದಿ ಟ್ರ್ಯಾಕ್ಟರಿನ ಮೇಲೆ ದೊಡ್ಡ ದೊಡ್ಡ ಪೆಟ್ಟಿಗೆ ಕಟ್ಟಿಕೊಂಡು ಬರುವ ಡಿಜೆ ಹಾಡಿನದು. ಅದರ ಸದ್ದು ಕಿವಿಗೆ, ಹೃದ್ರೋಗಿಗಳಿಗೆ, ಪರೀಕ್ಷೆಗೆ ಓದುವ ಮಕ್ಕಳಿಗೆ ತೊಂದರೆ ಕೊಡುತ್ತದೆ; ಅದನ್ನು ತಡೆಯಲು ಕಾನೂನಿದೆ. ಆದರೆ ಮೆರವಣಿಗೆಯಲ್ಲಿ ಹೊಡೆದಾಟವಾದಾಗ ‘ಹಾಡಿನಿಂದ ಆಯಿತು’ ಎಂದರೆ ಕುಡಿತದ ಮಾತು, ಹಳೆಯ ಹಗೆಯ ಮಾತು ತೇಲಿಹೋಗುತ್ತದೆ.

ಹೊರಗಿನ ಅನುಭವ

ಈ ವಾದವನ್ನು ಹೆಚ್ಚು ಕಾಲದಿಂದ ನಡೆಸುತ್ತ ಬಂದ ದೇಶ ಅಮೆರಿಕ. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯ, ಚಿತ್ರಕಥೆಯ ಪುಸ್ತಕಗಳೇ ಮಕ್ಕಳನ್ನು ಅಪರಾಧಕ್ಕೆ ದೂಡುತ್ತಿವೆ ಎಂದು ಗ್ರಂಥವನ್ನೇ ಬರೆದ. 1999ರ ಏಪ್ರಿಲ್ 20ರಂದು ಕೊಲಂಬೈನ್ ಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು 12 ಸಹಪಾಠಿಗಳನ್ನೂ ಒಬ್ಬ ಶಿಕ್ಷಕರನ್ನೂ ಗುಂಡಿಟ್ಟು ಕೊಂದಾಗ ಬೆರಳು ತೋರಿದ್ದು ‘ಡೂಮ್’ ಎಂಬ ವಿಡಿಯೊ ಆಟದ ಕಡೆಗೆ ಮತ್ತು ಮರ್ಲಿನ್ ಮ್ಯಾನ್ಸನ್ ಎಂಬ ಗಾಯಕನ ಕಡೆಗೆ. ಆ ಹುಡುಗರು ಅವನ ಹಾಡಿನ ಅಭಿಮಾನಿಗಳೇ ಆಗಿರಲಿಲ್ಲವೆಂಬುದು ನಂತರ ತಿಳಿಯಿತು. ಒಬ್ಬನ ದಿನಚರಿಯ ತುಂಬ ಸಾಯುವ ಮಾತಿತ್ತು. ಅದನ್ನು ಯಾರೂ ಸಮಯಕ್ಕೆ ಓದಿರಲಿಲ್ಲ.

2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಹಿಂಸೆಯ ವಿಡಿಯೊ ಆಟಗಳನ್ನು ಮಕ್ಕಳಿಗೆ ಮಾರಬಾರದೆಂಬ ಕ್ಯಾಲಿಫೋರ್ನಿಯಾದ ಕಾಯ್ದೆಯನ್ನು 7–2ರ ಬಹುಮತದಿಂದ ತಳ್ಳಿಹಾಕಿತು. 2019ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು 14–15 ವಯಸ್ಸಿನ 1,004 ಬ್ರಿಟಿಷ್ ಮಕ್ಕಳನ್ನು ಅಭ್ಯಾಸ ಮಾಡಿದರು. ಮಕ್ಕಳ ನಡತೆಯನ್ನು ಮನೆಯವರಿಂದಲೇ ಕೇಳಿ ತಿಳಿದರು. ಹಿಂಸೆಯ ಆಟಕ್ಕೂ ಮಕ್ಕಳ ಆಕ್ರಮಣಶೀಲತೆಗೂ ನಂಟು ಕಾಣಲಿಲ್ಲ. 2020ರಲ್ಲಿ ಅಮೆರಿಕದ ಮನೋವಿಜ್ಞಾನಿಗಳ ಸಂಘ ಎರಡೂ ಕಡೆ ತೂಗಿ ಮಾತಾಡಿತು. ಇಂಥ ಆಟಕ್ಕೂ ಕೂಗಾಡುವುದು, ತಳ್ಳಾಡುವುದಕ್ಕೂ ಸಣ್ಣ ನಂಟಿರಬಹುದು. ಕೊಲೆ, ಹಲ್ಲೆಯಂಥ ಹಿಂಸೆಗೆ ಅವೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲ. ಹಾಗೆ ಹೇಳುವುದರಿಂದ ನಿಜವಾದ ಕಾರಣಗಳ ಕಡೆಯಿಂದ ಗಮನ ತಪ್ಪುತ್ತದೆ ಎಂದಿತು.

ನವಲಗುಂದ ಕಲಿಸಿದ ಪಾಠ

ಯುವಕರ ಸಿಟ್ಟು ಬೀದಿಗೆ ಬಂದದ್ದನ್ನು ನವಲಗುಂದದಷ್ಟು ಹತ್ತಿರದಿಂದ ಕಂಡ ಊರುಗಳು ಕಡಿಮೆ. 1980ರ ಜುಲೈ 21ರಂದು, ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರ ವಿರೋಧಿಸಿ ಎದ್ದಾಗ ನವಲಗುಂದ, ನರಗುಂದಗಳಲ್ಲಿ ಗೋಲಿಬಾರ್ ಆಯಿತು. ಅಂದು ಈ ಹಳ್ಳಿಗಳಿಗೆ ದೂರದರ್ಶನವೂ ಬಂದಿರಲಿಲ್ಲ. 2016ರ ಜುಲೈ ಕೊನೆಯಲ್ಲಿ ಮಹಾದಾಯಿ ನ್ಯಾಯಮಂಡಳಿ ರಾಜ್ಯದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿದಾಗ ಮತ್ತೆ ಊರು ಹೊತ್ತಿತು. ಸರ್ಕಾರಿ ಕಚೇರಿಗಳಿಗೆ ಬೆಂಕಿ ಬಿತ್ತು. ಯಮನೂರಿನಲ್ಲಿ ಪೊಲೀಸರು ಮನೆಗಳಿಂದ ಎಳೆದು ಹೊಡೆದ ದೃಶ್ಯಗಳು ಹರಿದಾಡಿದವು. ಅನೇಕ ತರುಣರು ಜೈಲು ಕಂಡರು.

ಬೆಂಕಿ ಹಚ್ಚಿದ್ದನ್ನಾಗಲಿ ಲಾಠಿ ಬೀಸಿದ್ದನ್ನಾಗಲಿ ಯಾರೂ ಸರಿ ಎನ್ನಲಾರರು. ಆದರೆ ಗಮನಿಸಬೇಕಾದ ಸಂಗತಿ ಒಂದಿದೆ. 2016ರಲ್ಲಿ ಬಹಳಷ್ಟು ಹುಡುಗರ ಕೈಯಲ್ಲಿ ಮೊಬೈಲ್ ಇತ್ತು. ಹಾಗಿದ್ದೂ ಅವರು ಯಾವ ಆಟ ಆಡುತ್ತಿದ್ದರು, ಯಾವ ಹಾಡು ಕೇಳುತ್ತಿದ್ದರು ಎಂದು ಯಾರೂ ಕೇಳಲಿಲ್ಲ. ಕಾರಣ ಎಲ್ಲರ ಕಣ್ಣಿಗೆ ಕಾಣುತ್ತಿತ್ತು: ನೀರು. ಕಾರಣ ಮನೆಯ ನಾಲ್ಕು ಗೋಡೆಯೊಳಗೆ, ಮನಸ್ಸಿನೊಳಗೆ ಅಡಗಿದ್ದಾಗ ಮಾತ್ರ ಕೈಗೆ ಸಿಕ್ಕ ಮೊಬೈಲಿನ ಮೇಲೆ ಆರೋಪ ಬೀಳುತ್ತದೆ.

ಆಟದಿಂದ ಹಾನಿಯಿಲ್ಲವೆ?

ಇದೆ. ಆದರೆ ತಲೆಬರಹ ಹೇಳುವ ಹಾನಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ‘ಆಟದ ಗೀಳ’ನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಆಟದ ಮೇಲೆ ಹಿಡಿತ ತಪ್ಪುವುದು, ಊಟ-ನಿದ್ದೆ-ಓದಿಗಿಂತ ಆಟವೇ ಮೇಲಾಗುವುದು, ಹಾನಿ ಕಣ್ಣೆದುರಿಗಿದ್ದರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಮುಂದುವರಿದರೆ ಅದು ಗೀಳು. ಆ ಲಕ್ಷಣಗಳಲ್ಲಿ ಕೊಲೆಯಿಲ್ಲ. ಎಷ್ಟೋ ಸಲ ಖಿನ್ನತೆಯಲ್ಲಿರುವ ಹುಡುಗ ಆಟದೊಳಗೆ ಅಡಗಿಕೊಳ್ಳುತ್ತಾನೆ. ಮನೆಯವರಿಗೆ ಆಟ ಕಾಣುತ್ತದೆ, ಖಿನ್ನತೆ ಕಾಣುವುದಿಲ್ಲ.

ಇನ್ನೊಂದು ಹಾನಿ ದುಡ್ಡಿನದು. ಮೊಬೈಲಿನ ರಮ್ಮಿ, ಕ್ರಿಕೆಟ್ ಬಾಜಿಗಳಲ್ಲಿ ಬಂದೂಕಿಲ್ಲ, ರಕ್ತವಿಲ್ಲ. ಆದರೆ ಮೆಣಸಿನಕಾಯಿ ಮಾರಿ ಬಂದ ಹಣ ಒಂದೇ ರಾತ್ರಿಗೆ ಕರಗಿ, ಸಾಲ ಬೆಳೆದು ಜೀವ ಹೋಗುವ ಅಪಾಯ ಇರುವುದು ಅಲ್ಲಿಯೇ. ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ತಂದ ಕಾಯ್ದೆಯನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದುಪಡಿಸಿತು. ಇಂಥ ಆಟಗಳನ್ನು ದೇಶದಾದ್ಯಂತ ನಿಷೇಧಿಸುವ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿದ್ದು 2025ರ ಆಗಸ್ಟ್‌ನಲ್ಲಿ. ಪಬ್ಜಿಯನ್ನಾದರೋ ಕೇಂದ್ರ ಸರ್ಕಾರ 2020ರ ಸೆಪ್ಟೆಂಬರಿನಲ್ಲೇ ನಿಷೇಧಿಸಿತ್ತು. ಕಾರಣ ಹಿಂಸೆಯಲ್ಲ, ದೇಶದ ಭದ್ರತೆ ಮತ್ತು ಮಾಹಿತಿಯ ರಕ್ಷಣೆ. ಮರುವರ್ಷವೇ ಅದರ ಭಾರತೀಯ ಅವತರಣಿಕೆ ಬಂತು. ಆಟ ಹೋಗಿ ಆಟ ಬಂತು. ಮನೆಯೊಳಗಿನ ಮೌನ ಇದ್ದಂತೆಯೇ ಉಳಿಯಿತು.

ಕೇಳಬೇಕಾದ ಪ್ರಶ್ನೆ

ಮೊಬೈಲ್ ಮೇಲೆ ಆರೋಪ ಹೊರಿಸುವುದರಲ್ಲಿ ಒಂದು ಸಮಾಧಾನವಿದೆ. ತಪ್ಪು ಹೊರಗಿನಿಂದ ಬಂದದ್ದಾಗುತ್ತದೆ. ಮನೆ, ಶಾಲೆ, ಠಾಣೆ, ಸರ್ಕಾರ ಯಾರೂ ಉತ್ತರ ಕೊಡಬೇಕಿಲ್ಲ. ಆದರೆ ಮೊಬೈಲ್ ಕಸಿದುಕೊಂಡು ಬೀರುವಿನಲ್ಲಿ ಬೀಗ ಹಾಕಿದ ತಂದೆ, ಮಗ ಮೂರು ತಿಂಗಳಿಂದ ಯಾರ ಜೊತೆಗೂ ಮಾತಾಡಿಲ್ಲ ಎಂಬುದನ್ನು ಗಮನಿಸದೇ ಹೋದರೆ ರೋಗ ಹಾಗೆಯೇ ಉಳಿಯುತ್ತದೆ. ಮಾನಸಿಕ ಕಾಯಿಲೆ ಇರುವವರಲ್ಲಿ ಹೆಚ್ಚಿನವರು ಯಾರಿಗೂ ಕೇಡು ಮಾಡುವವರಲ್ಲ, ಒಳಗೊಳಗೇ ನೋಯುವವರು. ಅವರಿಗೆ ಸಮಯಕ್ಕೆ ಚಿಕಿತ್ಸೆ ಸಿಗಬೇಕು ಎನ್ನುವುದೇ ಮುಖ್ಯ.

ಚಿಕಿತ್ಸೆ ದೂರವೂ ಇಲ್ಲ. ಹಳ್ಳಿಯ ಜನರಿಗೆ ಮಾನಸಿಕ ಆರೋಗ್ಯ ಸೇವೆಯನ್ನು ಅವರ ಬಳಿಗೇ ಒಯ್ಯುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿ, ಅದು ದೇಶಕ್ಕೇ ಮಾದರಿಯಾಯಿತು. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಮೊಬೈಲ್, ಆಟದ ಗೀಳಿಗೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ‘ಶಟ್’ ಎಂಬ ಕ್ಲಿನಿಕ್ ತೆರೆಯಿತು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ, 14416 ಒತ್ತಿ, ಕನ್ನಡದಲ್ಲೇ ಮಾತಾಡಬಹುದು. ಕಸಿದುಕೊಂಡ ಅದೇ ಮೊಬೈಲಿನಿಂದ ಆ ಕರೆ ಹೋದರೂ ಸಾಕು.

‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಎಂಬ ಗಾದೆ ಎತ್ತು-ಎಮ್ಮೆ ಕಟ್ಟಿದವರಿಗೆ ವಿವರಿಸಬೇಕಿಲ್ಲ. ಬರೆ ಬಿದ್ದ ಎಮ್ಮೆ ಹೇಗೋ ಸುಧಾರಿಸಿಕೊಂಡೀತು. ಜ್ವರದ ಎತ್ತು ಕೊಟ್ಟಿಗೆಯ ಮೂಲೆಯಲ್ಲಿ ಮೇವು ಬಿಟ್ಟು ನಿಂತಿರುತ್ತದೆ. ನಾಳೆ ಚಹಾದಂಗಡಿಯಲ್ಲಿ ಅಂಥದೇ ಇನ್ನೊಂದು ತಲೆಬರಹವನ್ನು ಯಾರಾದರೂ ಗಟ್ಟಿಯಾಗಿ ಓದಿದಾಗ, “ತೆಳಗ ಏನ್ ಬರದಾರ, ಅದನ್ನೂ ಓದೋ ತಮ್ಮಾ” ಎಂದು ಹಿರಿಯರೊಬ್ಬರು ಕೇಳಿದರೆ, ಆ ಎತ್ತಿನ ಕಡೆಗೆ ಯಾರೋ ಒಬ್ಬರು ತಿರುಗಿ ನೋಡಿದಂತಾದೀತು.